ಹುಲಿಯ ಒಡಲಿನ ವಾದ್ಯ: ಶ್ರೀರಂಗಪಟ್ಟಣದ ನಾದಯಂತ್ರವೊಂದನ್ನು ಕುರಿತ ಬರಹಗಳ ವಿಮರ್ಶೆ

1799ನೆಯ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಇಂಗ್ಲಿಷರ ವಶವಾದ ತರುವಾಯ ಅರಮನೆಯಿಂದ ಹೊರಬಿದ್ದ ವಸ್ತುಗಳ ಪೈಕಿ, ಮನುಷ್ಯನೊಬ್ಬನನ್ನು ಕೆಡವಿ ಅವನ ಮೇಲೆರಗಿರುವ ಮರದ ಹುಲಿಯೊಂದು ಜಗತ್ಪ್ರಸಿದ್ಧವಾಗಿದೆ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಅದನ್ನು ಕಣ್ಣಾರೆ ಕಾಣದವರು ಕೂಡ ಅದರ ಚಿತ್ರವನ್ನು ಕಂಡಿರುತ್ತಾರೆ. ಆದರೆ ಅದು ದೊರೆತದ್ದು ಆಯುಧಶಾಲೆಯಲ್ಲಿ ಅಲ್ಲ, ಸಿಂಹಾಸನದ ಬಳಿಯಲ್ಲಿಯೂ ಅಲ್ಲ. ರಾಗಮಹಲು ಎಂದು ಹೆಸರಾಗಿದ್ದ, ವಾದ್ಯಗಳನ್ನು ಇರಿಸುತ್ತಿದ್ದ ಕೊಠಡಿಯಲ್ಲಿ. ಈ ಸಂಗತಿಯನ್ನು ಎಲ್ಲ ಲೇಖಕರೂ ಹೇಳುತ್ತಾರೆ. ಅದರಿಂದ ಸಹಜವಾಗಿ ಹುಟ್ಟಬೇಕಾದ ಪ್ರಶ್ನೆಯನ್ನು ಮಾತ್ರ ಹೆಚ್ಚಿನವರು ಕೇಳುವುದಿಲ್ಲ. ಇದು ವಾದ್ಯವಾಗಿದ್ದರೆ ಹೇಗೆ ನುಡಿಯುತ್ತಿತ್ತು? ಇದನ್ನು ಕಟ್ಟಿದವನು ನಾದದ ವಿಷಯದಲ್ಲಿ ಏನನ್ನು ಬಲ್ಲವನಾಗಿದ್ದನು?

ಈ ಪ್ರಶ್ನೆಯನ್ನು ಬದಿಗಿಟ್ಟದ್ದರಿಂದ ಇತಿಹಾಸಕ್ಕೆ ಒದಗಿದ ನಷ್ಟ ಚಿಕ್ಕದಲ್ಲ. ಟಿಪ್ಪು ಸುಲ್ತಾನನನ್ನು ದೂಷಿಸುವವರು ಈ ಹುಲಿಯನ್ನು ಅವನ ಕ್ರೌರ್ಯಕ್ಕೆ ಸಾಕ್ಷಿಯಾಗಿ ಕರೆಯುತ್ತಾರೆ. ಹೊಗಳುವವರು ಅವನ ಸ್ವಾತಂತ್ರ್ಯಾಭಿಮಾನಕ್ಕೂ ವಿಜ್ಞಾನಪ್ರೀತಿಗೂ ಸಾಕ್ಷಿಯಾಗಿ ಕರೆಯುತ್ತಾರೆ. ಸಾಕ್ಷಿಯ ಬಾಯನ್ನು ತೆರೆಯಿಸಿ ಕೇಳುವ ಗೋಜಿಗೆ ಇಬ್ಬರೂ ಹೋಗಿಲ್ಲ. ತರಗತಿಯಲ್ಲಿ ಈ ವಿಷಯ ಬಂದಾಗಲೆಲ್ಲ ವಿದ್ಯಾರ್ಥಿಗಳು ಎರಡು ಪಕ್ಷವಾಗುವುದನ್ನು ನಾನು ಕಂಡಿದ್ದೇನೆ. ಪಕ್ಷ ಕಟ್ಟುವುದಕ್ಕೆ ಬೇಕಾದ ಸಾಮಗ್ರಿ ಅವರಲ್ಲಿ ಹೇರಳವಾಗಿದೆ. ಯಂತ್ರದ ವಿವರ ಮಾತ್ರ ಇಲ್ಲ.

ವಿವರವನ್ನು ಮೊದಲು ನೋಡೋಣ. ಹುಲಿಯ ಉದ್ದ 178 ಸೆಂಟಿಮೀಟರು, ಎತ್ತರ ಸುಮಾರು 71. ಮರದಲ್ಲಿ ಕಡೆದು ಬಣ್ಣ ಹಚ್ಚಿದ್ದು. ಕಾಲ ಸುಮಾರು 1793 ಎಂದು ವಿದ್ವಾಂಸರು ಊಹಿಸುತ್ತಾರೆ. ಹುಲಿಯ ಹೆಗಲ ಬಳಿ ತಿರುಗಿಸುವ ಒಂದು ಹಿಡಿಯಿದೆ. ಅದನ್ನು ತಿರುವಿದರೆ ಒಳಗಿನ ತಿದಿಗಳು ಉಸಿರಾಡತೊಡಗುತ್ತವೆ. ಒಂದು ತಿದಿಯ ಗಾಳಿ ಕೆಳಗೆ ಬಿದ್ದಿರುವ ಮನುಷ್ಯನ ಗಂಟಲಿನ ಕೊಳವೆಯ ಮೂಲಕ ಬಾಯಿಗೆ ಬಂದು ಗೋಳಿನ ದನಿಯಾಗುತ್ತದೆ. ಅದೇ ವೇಳೆಗೆ ಅವನ ಎಡಗೈ ಏಳುತ್ತ ಇಳಿಯುತ್ತ ಇರುತ್ತದೆ. ಕೈಯ ಈ ಚಲನೆಯಿಂದ ಗೋಳಿನ ಸ್ಥಾಯಿಯೂ ಏರಿಳಿಯುತ್ತದೆ. ಹುಲಿಯ ತಲೆಯೊಳಗೆ ಬೇರೊಂದು ಏರ್ಪಾಡು. ಒಂದೇ ಕೊಳವೆ, ಎರಡು ದನಿ, ನಿಯತವಾದ ಕಾಲಾಂತರದಲ್ಲಿ ಗುರುಗುಟ್ಟುವಿಕೆ. ಇವೆರಡಲ್ಲದೆ ಹುಲಿಯ ಪಕ್ಕೆಯಲ್ಲಿ ಒಂದು ಮುಚ್ಚಳವಿದೆ. ಅದನ್ನು ತೆರೆದರೆ ದಂತದ 18 ಕೀಲಿಗಳ ಸಾಲು, ಒಳಗೆ ಹಿತ್ತಾಳೆಯ ಕೊಳವೆಗಳುಳ್ಳ ಒಂದು ಪುಟ್ಟ ಆರ್ಗನ್ನು. ಮೂರು ಬಗೆಯ ನಾದ, ಮೂರು ಬಗೆಯ ಹತೋಟಿ, ನಡೆಸುವ ಶಕ್ತಿ ಒಂದೇ ಹಿಡಿಯಿಂದ. ಇದನ್ನು ಆಟಿಕೆ ಎಂದು ಕರೆದು ಮುಂದೆ ಸಾಗುವುದು ಬರಹಗಾರರಿಗೆ ಹೇಗೆ ಸಾಧ್ಯವಾಯಿತೋ ತಿಳಿಯದು.

ಮೊದಲ ಬರಹ ಗವರ್ನರ್ ಜನರಲ್ ಮಾರ್ನಿಂಗ್ಟನ್ನನ ಕಡೆಯಿಂದ ಬಂದ ಟಿಪ್ಪಣಿ. ಯಂತ್ರದ ವರ್ಣನೆಯಲ್ಲಿ ಅದು ಇಂದಿಗೂ ಬೆಲೆಯುಳ್ಳದ್ದು. ಹುಲಿಯ ಒಡಲಲ್ಲಿ ಆರ್ಗನ್ನಿನಂಥ ರಚನೆಯೂ ಪ್ರಾಕೃತ ಸ್ವರಗಳ ಕೀಲಿಗಳ ಸಾಲೂ ಇರುವುದನ್ನು ಅದು ಗುರುತಿಸುತ್ತದೆ. ಆದರೆ ಟಿಪ್ಪಣಿಯ ಆಸಕ್ತಿ ಅಲ್ಲಿಗೆ ನಿಲ್ಲದೆ ಸುಲ್ತಾನನ ದರ್ಪ, ದ್ವೇಷಗಳ ಕಡೆಗೆ ತಿರುಗುತ್ತದೆ. ಯುದ್ಧವನ್ನು ಸಮರ್ಥಿಸಬೇಕಾಗಿದ್ದವನಿಗೆ ಅದು ಬೇಕಾಗಿತ್ತು. ಹುಲಿ ಲಂಡನ್ನಿಗೆ ಹೋಗಿ, 1808ರಿಂದ ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಹೌಸಿನ ವಾಚನಾಲಯದಲ್ಲಿ ನಿಂತಿತು. ಬಂದವರೆಲ್ಲ ಹಿಡಿಯನ್ನು ತಿರುವುತ್ತಿದ್ದರು. ಒಳಗೆ ಕುಳಿತು ಓದುವವರಿಗೆ ಆ ಗೋಳು, ಆ ಗರ್ಜನೆ ನಿತ್ಯದ ಉಪದ್ರವವಾಗಿತ್ತೆಂದೂ, ಪುಣ್ಯವಶಾತ್ ಹಿಡಿ ಕಳೆದುಹೋಗಿ ಒಳಗಿನ ಕೊಳವೆಗಳಲ್ಲಿ ಕೆಲವು ಕಟ್ಟಿಕೊಂಡವೆಂದೂ 1869ರಲ್ಲಿ ಅಥೀನಿಯಂ ಪತ್ರಿಕೆ ಸಮಾಧಾನಪಟ್ಟಿತು. ವಾದ್ಯವೊಂದರ ವಿಷಯದಲ್ಲಿ ಇಷ್ಟು ಕಾಲ ನಡೆದ ವಿಮರ್ಶೆ ಇದೊಂದೇ ಎನ್ನಬೇಕು! ಕವಿ ಕೀಟ್ಸನು ಕೂಡ 1819ರ ತನ್ನ ವಿನೋದಕಾವ್ಯವೊಂದರಲ್ಲಿ ಅದನ್ನು ನೆನೆದಿದ್ದಾನೆ. ಅಲ್ಲಿಯೂ ಅದು ದೊರೆಯ ಮನೆಯ ವಿಚಿತ್ರ ಆಟಿಕೆಯೇ.

ಇಪ್ಪತ್ತನೆಯ ಶತಮಾನದ ಬರಹಗಳಲ್ಲಿ 1959ರಲ್ಲಿ ಪ್ರಕಟವಾದ ಮಿಲ್ಡ್ರೆಡ್ ಆರ್ಚರ್ ಅವರ ಪುಸ್ತಿಕೆಗೆ ಮೊದಲ ಮನ್ನಣೆ ಸಲ್ಲತಕ್ಕದ್ದು. ವಸ್ತುವಿನ ಸಂಚಾರದ ಕಥೆಯನ್ನು ಆಕೆ ಶ್ರಮಪಟ್ಟು ಜೋಡಿಸಿದ್ದಾರೆ. ಜನರಲ್ ಹೆಕ್ಟರ್ ಮನ್ರೋನ ಮಗ 1792ರ ಡಿಸೆಂಬರಿನಲ್ಲಿ ಬಂಗಾಳದ ಸಾಗರದ್ವೀಪದಲ್ಲಿ ಹುಲಿಯ ಬಾಯಿಗೆ ತುತ್ತಾದ ಪ್ರಸಂಗವೇ ಈ ಕೃತಿಗೆ ಪ್ರೇರಣೆಯೆಂಬ ವಾದ ಪ್ರಚಾರಕ್ಕೆ ಬಂದಿದೆ. ಅದು ಮನಸ್ಸನ್ನು ಸೆಳೆಯುವ ವಾದವೇ ಸರಿ. ಆದರೆ ಟಿಪ್ಪುವಿಗಾಗಿ 1787-88ರಲ್ಲಿ ಮಾಡಿದ ಬಂದೂಕೊಂದರ ಬೆಳ್ಳಿಯ ಕೆಲಸದಲ್ಲಿ ಇದೇ ಬಗೆಯ ಚಿತ್ರ ಸಣ್ಣದಾಗಿ ಕಂಡುಬರುತ್ತದೆ. ಮನ್ರೋನ ಮಗನ ಮರಣಕ್ಕೆ ಅದು ಐದು ವರ್ಷ ಹಿಂದಿನದು. ಆದ್ದರಿಂದ ಆ ಸುದ್ದಿ ಕಲ್ಪನೆಗೆ ಬಲ ಕೊಟ್ಟಿರಬಹುದು. ಕಲ್ಪನೆ ಅದರಿಂದ ಹುಟ್ಟಿತೆನ್ನಲಾಗದು. 1995ರಲ್ಲಿ ಕೇಟ್ ಬ್ರಿಟಲ್‌ಬ್ಯಾಂಕ್ ಅವರು ಹುಲಿಯ ಸಂಕೇತವನ್ನು ದಕ್ಷಿಣ ಭಾರತದ ಶಕ್ತಿಯ ಕಲ್ಪನೆಗೂ ಸೂಫಿಗಳ ಬರಕತ್ತಿನ ಕಲ್ಪನೆಗೂ ಹೊಂದಿಸಿ ಓದಿದರು. ಇದು ಯೋಗ್ಯವಾದ ದಾರಿ. ಈ ಸೀಮೆ ಹೊಯ್ಸಳರ ಸೀಮೆ. ಕೃಷ್ಣರಾಜಪೇಟೆಯ ಹೊಸಹೊಳಲು, ಗೋವಿಂದನಹಳ್ಳಿಗಳನ್ನೂ ನಾಗಮಂಗಲದ ಸೌಮ್ಯಕೇಶವನನ್ನೂ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ರಾಜವಂಶದ ಲಾಂಛನದಲ್ಲಿ ಮನುಷ್ಯ ಮೃಗವನ್ನು ಇರಿಯುತ್ತಾನೆ. ಸುಲ್ತಾನನ ಯಂತ್ರದಲ್ಲಿ ಮೃಗ ಮನುಷ್ಯನನ್ನು ಕಚ್ಚುತ್ತದೆ. ಇಷ್ಟೆಲ್ಲ ಒಪ್ಪಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ: ಸಂಕೇತಕ್ಕೆ ಹುಲಿಯ ಆಕಾರ ಸಾಕಾಗಿತ್ತು. ಹದಿನೆಂಟು ಕೀಲಿಗಳು ಯಾವ ಶಕ್ತಿಗೆ, ಯಾವ ಬರಕತ್ತಿಗೆ?

ಯಂತ್ರವನ್ನು ಯಂತ್ರವಾಗಿ ನೋಡಿದವರು 1980ರ ದಶಕದ ಕೊನೆಯಲ್ಲಿ ಬರೆದ ಆರ್ಡ್-ಹ್ಯೂಮ್. ಸ್ವಯಂಚಾಲಿತ ವಾದ್ಯಗಳ ಅಭ್ಯಾಸದಲ್ಲಿ ಪಳಗಿದ ಕೈ ಅವರದು. ನಮ್ಮ ಇತಿಹಾಸದ ವಿದ್ಯಾರ್ಥಿಗಳು ಅಂಥ ಬರಹಗಳನ್ನು ತಾಂತ್ರಿಕವೆಂದು ದೂರವಿಡುತ್ತಾರೆ, ಹಾಗಿಡುವುದು ತಪ್ಪು. ಯಾರು ಕಟ್ಟಿದರು ಎಂಬ, ಇತಿಹಾಸಕಾರನದೇ ಆದ ಪ್ರಶ್ನೆಗೆ ಉತ್ತರ ಇರುವುದು ತಿದಿ ಕೊಳವೆಗಳಲ್ಲಿಯೇ.

ಆ ಪ್ರಶ್ನೆಗೆ ಎರಡು ಉತ್ತರಗಳು ಬಳಕೆಯಲ್ಲಿವೆ. ಫ್ರೆಂಚರು ಕಟ್ಟಿದರೆಂಬುದು ಒಂದು. ಟಿಪ್ಪು ಕಳುಹಿಸಿದ ರಾಯಭಾರಿಗಳು 1788ರಲ್ಲಿ ಹದಿನಾರನೆಯ ಲೂಯಿಯ ಆಸ್ಥಾನವನ್ನು ಕಂಡು, ಹಿಂದಿರುಗುವಾಗ ಕುಶಲಕರ್ಮಿಗಳನ್ನು ಕರೆತಂದದ್ದು ನಿಜ. ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಹಿರೋಡೆಗೆ, ಎಂದರೆ ಇಂದಿನ ಪಾಂಡವಪುರಕ್ಕೆ, ಫ್ರೆಂಚ್ ರಾಕ್ಸ್ ಎಂಬ ಹೆಸರು ಬಹುಕಾಲ ಉಳಿದದ್ದೂ ನಿಜ. ಶ್ರೀರಂಗಪಟ್ಟಣಕ್ಕೆ ಅದು ಕೆಲವೇ ಮೈಲಿ. ಆದರೆ ನೆರೆಯಲ್ಲಿ ಇದ್ದರೆಂಬುದು ಮಾಡಿದರೆಂಬುದಕ್ಕೆ ಪ್ರಮಾಣವಾಗದು. ದೇಶೀಯರೇ ಕಟ್ಟಿದರೆಂಬುದು ಇನ್ನೊಂದು ಉತ್ತರ. ಹೊರಮೈಯ ಶೈಲಿಯೂ, ಮೂಲದ ಹಿತ್ತಾಳೆ ಕೊಳವೆಗಳ ಲೋಹಪರೀಕ್ಷೆಯೂ ಸ್ಥಳೀಯ ತಯಾರಿಕೆಯನ್ನೇ ಸೂಚಿಸುತ್ತವೆ. ಇದಕ್ಕೆ ಪೋಷಕವಾದ ಸಂಗತಿಗಳು ನಮ್ಮ ಸುತ್ತಲೇ ಇವೆ. ನಾಗಮಂಗಲದ ಕಂಚು ಹಿತ್ತಾಳೆಯ ಕೆಲಸ ಹೆಸರುವಾಸಿಯಾದುದು. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಚನ್ನಪಟ್ಟಣದಲ್ಲಿ ವಾದ್ಯಗಳ ತಂತಿಗೆಂದೇ ಉಕ್ಕಿನ ಎಳೆ ತೆಗೆಯುವವರನ್ನು ಕಂಡು, ಆ ತಂತಿಗೆ ದೂರದ ಊರುಗಳಲ್ಲಿಯೂ ಬೇಡಿಕೆಯಿದ್ದುದನ್ನು ಬರೆದಿದ್ದಾನೆ. ನಾದಕ್ಕೆ ಬೇಕಾದ ಲೋಹದ ಹದವನ್ನು ಬಲ್ಲ ಕೈಗಳು ಒಂದೆರಡು ದಿನದ ಹಾದಿಯಲ್ಲಿದ್ದವೆಂಬುದು ಇದರಿಂದ ಸ್ಪಷ್ಟ. ಆದರೆ ಕೀಲಿಯನ್ನು ಒತ್ತಿದರೆ ಕೊಳವೆಗೆ ಗಾಳಿ ಬಿಡುವ ಆರ್ಗನ್ನಿನ ತತ್ತ್ವ ಇಲ್ಲಿಯ ಪರಂಪರೆಯದಲ್ಲ. ಫ್ರೆಂಚರೋ ದೇಶೀಯರೋ ಎಂದು ಒಂದನ್ನೇ ಆರಿಸಿಕೊಳ್ಳಬೇಕೆಂಬ ಹಟ ಈ ಚರ್ಚೆಯನ್ನು ಕೆಡಿಸಿದೆ. ಹುಲಿಯೊಳಗೆ ಮೂರು ಯಂತ್ರಗಳಿವೆ; ಮೂರಕ್ಕೂ ಒಬ್ಬನೇ ಕರ್ತೃವಾಗಿರಬೇಕೆಂದು ಯಾವ ನಿಯಮ?

ಕಟ್ಟುವವನ ಕಷ್ಟವೇನೆಂಬುದು ನನಗೆ ಓದಿನಿಂದ ತಿಳಿದದ್ದಲ್ಲ. ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರೊಬ್ಬರು ಬಿಡುವಿನ ವೇಳೆಯಲ್ಲಿ ಮನೆಯ ಮೇಜಿನ ಮೇಲೆ ಒಂದು ಅನಲಾಗ್ ಸಿಂಥೆಸೈಸರನ್ನು ಕಟ್ಟಿದರು. ಹಳೆಯ ರೇಡಿಯೋದ ಬಿಡಿಭಾಗಗಳು, ಕೆಲವು ಟ್ರಾನ್ಸಿಸ್ಟರುಗಳು, ಮರದ ಹಲಗೆ. ಹೊರಗೆ ನೋಡುವುದಕ್ಕೆ ಏನೂ ಇಲ್ಲ. ಗೋಳಿನ ದನಿಯ ಗುಟ್ಟನ್ನು ತಿಳಿಯುವ ಆಸೆಯಿಂದ ನಾನು ಕೆಲವು ಸಂಜೆ ಅವರ ಜೊತೆಗೆ ಕುಳಿತಿದ್ದೆ. ಸಿಂಥೆಸೈಸರಿನಲ್ಲಿ ಆಸಿಲೇಟರು ನಾದವನ್ನು ಹುಟ್ಟಿಸುತ್ತದೆ. ಫಿಲ್ಟರು ಅದರ ಬಣ್ಣವನ್ನು ತಿದ್ದುತ್ತದೆ. ವರ್ಧಕವೊಂದು ಅದು ಹೇಗೆ ಮೊದಲಾಗಿ ಹೇಗೆ ಅಡಗಬೇಕೆಂಬುದನ್ನು ನಿಯಂತ್ರಿಸುತ್ತದೆ. ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ಮುಂದಿಟ್ಟ ಮುಖ್ಯ ಉಪಾಯವೆಂದರೆ ಈ ಎಲ್ಲ ಅಂಗಗಳನ್ನೂ ವೋಲ್ಟೇಜಿನಿಂದಲೇ ಆಳುವುದು: ಒಂದು ವೋಲ್ಟು ಏರಿದರೆ ಸ್ಥಾಯಿ ಒಂದು ಅಷ್ಟಕದಷ್ಟು ಏರುತ್ತದೆ. ಆಳುವ ವೋಲ್ಟೇಜು ಕೀಲಿಯಿಂದ ಬರಬಹುದು, ಅಥವಾ ಕಿವಿಗೆ ಕೇಳಿಸದಷ್ಟು ನಿಧಾನವಾಗಿ ಏರಿಳಿಯುವ ಇನ್ನೊಂದು ಆಸಿಲೇಟರಿನಿಂದ ಬರಬಹುದು.

ಈ ಎರಡನೆಯದನ್ನು ಮಿತ್ರರು ಜೋಡಿಸಿ ಸ್ವಿಚ್ಚು ಒತ್ತಿದೊಡನೆಯೇ ನನಗೆ ಹುಲಿಯ ಅಡಿಯಲ್ಲಿರುವ ಮನುಷ್ಯನ ಕೈ ನೆನಪಾಯಿತು. ನಿಧಾನದ ಚಲನೆಯೊಂದು ವೇಗದ ಕಂಪನದ ಸ್ಥಾಯಿಯನ್ನು ಏರಿಸಿ ಇಳಿಸುವುದು, ಇದೇ ಅಲ್ಲವೆ ಅಲ್ಲಿಯದೂ? ಏಳುವ ಕೈ ನೋಡುವವನ ಕಣ್ಣಿಗೆ ಮಾತ್ರ ಮಾಡಿದ ಅಲಂಕಾರವಲ್ಲ. ಅದು ನಾದವನ್ನು ಆಳುವ ಅಂಗ. ಹೀಗೆಂದ ಮಾತ್ರಕ್ಕೆ ಶ್ರೀರಂಗಪಟ್ಟಣದಲ್ಲಿ ಸಿಂಥೆಸೈಸರು ಹುಟ್ಟಿತೆಂದು ನಾನು ಸಾರುತ್ತಿಲ್ಲ. ಅಂಥ ಸಾರುವಿಕೆ ಈಚೆಗೆ ಬಹಳವಾಗಿದೆ. ಅದರಿಂದ ಸಾರಿದವನಿಗೆ ಕರತಾಡನ ದೊರೆಯುತ್ತದೆ, ವಿಷಯಕ್ಕೆ ಏನೂ ದೊರೆಯುವುದಿಲ್ಲ. ನಾನು ಹೇಳುವುದು ಇಷ್ಟೇ: ಎರಡು ಕಡೆಯೂ ಕಟ್ಟುವವನು ಎದುರಿಸಿದ ಸಮಸ್ಯೆ ಒಂದೇ ಜಾತಿಯದು, ಮತ್ತು ಹುಲಿಯನ್ನು ಕಟ್ಟಿದವನು ಅದನ್ನು ತಿಳಿದು ಬಿಡಿಸಿದ್ದಾನೆ.

ಇನ್ನೊಂದು ಸಮಸ್ಯೆಯೂ ಸಮಾನ. ಕೈಯಿಂದ ತಿರುವುವ ಹಿಡಿಯ ವೇಗ ಒಂದೇ ಸಮನಾಗಿರುವುದಿಲ್ಲ. ಗಾಳಿಯ ಒತ್ತಡ ತಗ್ಗಿದರೆ ಕೊಳವೆಯ ಶ್ರುತಿಯೂ ತಗ್ಗುತ್ತದೆ. ಹಾರ್ಮೋನಿಯಂ ನುಡಿಸುವವರು ಒಳಗಿನ ಗಾಳಿಚೀಲದ ಬೆಲೆಯನ್ನು ಬಲ್ಲರು; ತಿದಿಯ ಏರುಪೇರನ್ನು ಅದು ನುಂಗಿಕೊಂಡು ಸಮವಾದ ಉಸಿರನ್ನು ಕೊಡುತ್ತದೆ. ವಿದ್ಯುತ್ತಿನ ಯಂತ್ರದಲ್ಲಿ ಅದೇ ಕೆಲಸವನ್ನು ದೊಡ್ಡ ಕೆಪಾಸಿಟರು ಮಾಡುತ್ತದೆ. ಮಿತ್ರರ ಯಂತ್ರದಲ್ಲಿ ಅದು ಸಾಲದೆ ಮೊದಲ ವಾರವೆಲ್ಲ ಪ್ರತಿ ಸ್ವರದ ಹಿಂದೆಯೂ ಒಂದು ಗುಂಯ್‌ಗುಡುವಿಕೆ ಕೇಳಿಸುತ್ತಿತ್ತು. ಗೋಳಿಗೆ, ಗುರುಗುಟ್ಟುವಿಕೆಗೆ ಇಂಥ ಏರುಪೇರು ಲಾಭವೇ ಹೊರತು ನಷ್ಟವಲ್ಲ. ಸ್ವರ ನುಡಿಸುವ ಆರ್ಗನ್ನಿಗೆ ಅದು ಮಾರಕ. ಇಂಗ್ಲೆಂಡಿನ ಆರ್ಗನ್ ತಯಾರಕರೊಬ್ಬರು ಈ ಕೀಲಿಗಳ ವಿಚಿತ್ರ ಅಂತರವನ್ನು ನೋಡಿ, ಇವು ರಾಗ ನುಡಿಸುವುದಕ್ಕಲ್ಲ, ಬೆರಳ ಗೆಣ್ಣುಗಳನ್ನು ಸಾಲಿನ ಉದ್ದಕ್ಕೂ ಎಳೆದು ಚೀರಾಟವೆಬ್ಬಿಸುವುದಕ್ಕೆ ಎಂದು ಅಭಿಪ್ರಾಯಪಟ್ಟದ್ದುಂಟು. ಈ ಅಭಿಪ್ರಾಯ ನನಗೆ ಸಮ್ಮತವಲ್ಲ. ಚೀರಾಟಕ್ಕೆ ಒಂದು ಕೊಳವೆ ಆಗಲೇ ಮನುಷ್ಯನ ಗಂಟಲಲ್ಲಿದೆ. ಅದಕ್ಕಾಗಿ ಹದಿನೆಂಟು ಕೀಲಿಗಳನ್ನು ದಂತದಲ್ಲಿ ಕಡೆಯುವ ಶ್ರಮವನ್ನು ಯಾವ ಕುಶಲಿಯೂ ಪಡುವುದಿಲ್ಲ. ಮಾರ್ನಿಂಗ್ಟನ್ನನ ಟಿಪ್ಪಣಿಯ ಪ್ರಾಕೃತ ಸ್ವರಗಳೆಂಬ ಮಾತನ್ನು ಹಾಗೆಯೇ ತೆಗೆದುಕೊಂಡರೆ 18 ಕೀಲಿಗಳಲ್ಲಿ ಎರಡು ಪೂರ್ಣ ಅಷ್ಟಕಗಳೂ ಮೇಲೆ ನಾಲ್ಕು ಸ್ವರಗಳೂ ದೊರೆಯುತ್ತವೆ. ಸರಳವಾದ ಮಟ್ಟುಗಳಿಗೆ ಇದು ಧಾರಾಳ. ಗಮಕಕ್ಕೆ ಮಾತ್ರ ಅಲ್ಲಿ ಎಡೆಯಿಲ್ಲ. ಇಡೀ ಯಂತ್ರದಲ್ಲಿ ಜಾರುವ ದನಿಯಿರುವುದು ಸಾಯುತ್ತಿರುವ ಮನುಷ್ಯನೊಬ್ಬನಿಗೇ ಎಂಬುದು ವಿನೋದವೋ ವಿಷಾದವೋ ಓದುಗರು ನಿರ್ಣಯಿಸಲಿ.

ಹಾಗಾದರೆ ಸುಲ್ತಾನನು ಕೇಳಿದ ನಾದ ಯಾವುದು? ಈಗ ಲಂಡನ್ನಿನಲ್ಲಿ ಅಪರೂಪಕ್ಕೊಮ್ಮೆ ಹಿಡಿ ತಿರುವಿದಾಗ ಕೇಳಿಬರುವ ದನಿಯನ್ನು ಧ್ವನಿಮುದ್ರಿಕೆಯಲ್ಲಿ ಕೇಳಿ, ಇದೇ ಆ ದನಿ ಎಂದು ನಂಬುವವರಿದ್ದಾರೆ. ಅವರ ನಂಬಿಕೆಗೆ ಆಧಾರ ಸಾಲದು. ಆರ್ಗನ್ನಿನ ಮೂಲ ಕೊಳವೆಗಳಲ್ಲಿ ಅನೇಕವನ್ನು ಬದಲಾಯಿಸಲಾಗಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೇಲ್ಛಾವಣಿ ಕುಸಿದು ಹುಲಿ ತುಂಡುತುಂಡಾಗಿ, 1947ರಲ್ಲಿ ಅದನ್ನು ಮತ್ತೆ ಜೋಡಿಸಿದರು. ಕೊಳವೆ ಬದಲಾದ ವಾದ್ಯದ ಈಗಿನ ಸ್ವರಾಂತರಗಳಿಂದ 1790ರ ದಶಕದ ಮೇಳವನ್ನೋ ಮಟ್ಟನ್ನೋ ಕಂಡುಹಿಡಿಯಲು ಹೊರಡುವುದು ಇತಿಹಾಸವಲ್ಲ, ಊಹೆ.

ಹವೆಯನ್ನೂ ಮರೆಯುವಂತಿಲ್ಲ. ಗಾಳಿಯಲ್ಲಿ ನಾದದ ವೇಗ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಸೆಕೆಂಡಿಗೆ ಸುಮಾರು 0.6 ಮೀಟರು ಹೆಚ್ಚುತ್ತದೆ. ಕೊಳವೆಯ ಸ್ಥಾಯಿ ಅದರೊಡನೆ ಏರುತ್ತದೆ. ಅರ್ಧಸ್ವರವನ್ನು ನೂರು ಸೆಂಟುಗಳಾಗಿ ಭಾಗಿಸಿದರೆ, ಈ ಏರಿಕೆ ಡಿಗ್ರಿಗೆ ಮೂರು ಸೆಂಟಿನಷ್ಟು. ಏಳು ಡಿಗ್ರಿಯ ಅಂತರದಲ್ಲಿ ಅದು ನಮ್ಮ ಶಾಸ್ತ್ರಕಾರರ ಪ್ರಮಾಣಶ್ರುತಿಗೆ ಸರಿಸಮವಾಗುತ್ತದೆ. 18 ಡಿಗ್ರಿಯ ಲಂಡನ್ನಿನ ಕೊಠಡಿಗೂ 33 ಡಿಗ್ರಿಯ ಶ್ರೀರಂಗಪಟ್ಟಣದ ಏಪ್ರಿಲ್ ಮಧ್ಯಾಹ್ನಕ್ಕೂ ಇರುವ ವ್ಯತ್ಯಾಸ ಹೆಚ್ಚುಕಡಮೆ ಅರ್ಧಸ್ವರದ ಅರ್ಧ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಎಲ್ಲ ಕೊಳವೆಗಳೂ ಒಂದೇ ಪ್ರಮಾಣದಲ್ಲಿ ಏರುವುದರಿಂದ ಆಧಾರಷಡ್ಜ ಜಾರಿದರೂ ಸ್ವರಗಳ ಪರಸ್ಪರ ಸಂಬಂಧ ಕೆಡುವುದಿಲ್ಲ. ಸಿಂಥೆಸೈಸರಿನ ಪಾಡು ಹಾಗಲ್ಲ. ವೋಲ್ಟೇಜನ್ನು ಸ್ಥಾಯಿಯಾಗಿ ಮಾರ್ಪಡಿಸುವ ಟ್ರಾನ್ಸಿಸ್ಟರಿನ ಗುಣ ಡಿಗ್ರಿಗೆ ಶೇಕಡ 0.33ರಷ್ಟು ಬದಲಾಗುತ್ತದೆ. ಇದರಿಂದ ಒಂದು ಅಷ್ಟಕದ ಅಂತರವೇ ನಾಲ್ಕು ಸೆಂಟಿನಷ್ಟು ಕುಗ್ಗುತ್ತದೆ. ಎಂದರೆ ಸಂಬಂಧವೇ ಕೆಡುತ್ತದೆ. ಮಿತ್ರರು ಬೆಳಗ್ಗೆ ಸರಿಮಾಡಿಟ್ಟ ಅಷ್ಟಕ ಮಧ್ಯಾಹ್ನದ ಬಿಸಿಲಿಗೆ ಅಷ್ಟಕವಾಗಿ ಉಳಿಯುತ್ತಿರಲಿಲ್ಲ. ಉಷ್ಣತೆಯೊಡನೆ ರೋಧ ಬದಲಾಗುವ ರೆಸಿಸ್ಟರೊಂದನ್ನು ಟ್ರಾನ್ಸಿಸ್ಟರಿಗೆ ಅಂಟಿಸಿ ಕಟ್ಟಿದ ಮೇಲೆಯೇ ಅದು ಹಾದಿಗೆ ಬಂತು. ಈ ಒಂದು ವಿಷಯದಲ್ಲಿ ಹುಲಿಯ ಕರ್ತೃ ನಮ್ಮ ಮಿತ್ರರಿಗಿಂತ ಸುಖಿ.

ಕನ್ನಡನಾಡಿನಲ್ಲಿ ನಾದಯಂತ್ರದ ಕಥೆ ಹುಲಿಯೊಂದಿಗೆ ಮುಗಿದಿಲ್ಲವಾದ್ದರಿಂದ ಇನ್ನೊಂದು ಹೋಲಿಕೆಯನ್ನು ಕೊಡುವುದು ಅಪ್ರಸ್ತುತವಾಗದು. ಬೆಂಗಳೂರಿನ ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜನಾರಾಯಣ್ ಅವರು ರೂಪಿಸಿದ ವಿದ್ಯುನ್ಮಾನ ತಂಬೂರಿ 1979ರಲ್ಲಿ ಮದರಾಸಿನ ಸಮ್ಮೇಳನವೊಂದರಲ್ಲಿ ಪ್ರದರ್ಶಿತವಾಯಿತು. ಈಗ ಅದರ ಸಂತತಿಯಿಲ್ಲದ ಸಂಗೀತದ ಮನೆಯಿಲ್ಲ. ತಂಬೂರಿಯನ್ನು ಅನುಕರಿಸುವುದು ಎಷ್ಟು ಕಠಿನವೆಂಬುದನ್ನು ಅದಕ್ಕೆ ಬಹುಕಾಲ ಹಿಂದೆಯೇ, 1921ರಲ್ಲಿ, ಸಿ. ವಿ. ರಾಮನ್ ಅವರ ಸಂಶೋಧನೆ ತೋರಿಸಿತ್ತು. ಬಾಗಿದ ಕುದುರೆಯ ಮೇಲೆ ತಂತಿ ತಗಲುವ ರೀತಿಯಿಂದ, ಮೀಟಿದ ಸ್ಥಾನದಲ್ಲಿ ನಿಯಮದಂತೆ ಹುಟ್ಟಬಾರದ ಉಪಸ್ವರಗಳೂ ಹುಟ್ಟುತ್ತವೆ. ತಂತಿಯ ಅಡಿಯ ಜೀವಾಳದ ದಾರವನ್ನು ಕೂದಲೆಳೆಯಷ್ಟು ಸರಿಸಿದರೆ ನಾದದ ಬಣ್ಣವೇ ಬೇರೆ. ಆ ಬಣ್ಣ ಕ್ಷಣಕ್ಷಣಕ್ಕೂ ಮಾರ್ಪಡುತ್ತದೆ. ನಿಶ್ಚಲವಾದ ಫಿಲ್ಟರಿನ ಕೈಗೆ ಅದು ಸಿಕ್ಕದು. ಈಚಿನ ಅನೇಕ ಯಂತ್ರಗಳು ಈ ತೊಡಕನ್ನು ಬಿಡಿಸದೆ ದಾಟಿವೆ: ನಿಜವಾದ ತಂಬೂರಿಯ ನಾದವನ್ನೇ ಮುದ್ರಿಸಿಟ್ಟುಕೊಂಡು ಅದನ್ನೇ ಮರುನುಡಿಸುತ್ತವೆ. ಶ್ರುತಿ ಹಿಡಿಯುವವನಿಗೆ ಇದರಿಂದ ಅನುಕೂಲವೇ. ಆದರೆ ನಾದವನ್ನು ಕಟ್ಟುವುದು ಬೇರೆ, ಹಿಡಿದಿಡುವುದು ಬೇರೆ. ಈ ತೂಕದಲ್ಲಿ ಮರದ ಹುಲಿ ಕಟ್ಟುವವರ ಪಂಕ್ತಿಗೆ ಸೇರುತ್ತದೆ. ಅದರ ಗರ್ಜನೆ ನಿಜವಾದ ಹುಲಿಯ ಗರ್ಜನೆಯನ್ನು ಹೋಲುವುದಿಲ್ಲವೆಂದು ದೂರುವವರು ಇದನ್ನು ಗಮನಿಸಬೇಕು.

ಮುಂದಿನ ಕೆಲಸ ನಮ್ಮ ವಿಭಾಗಗಳ ಅಳವಿನಲ್ಲಿಯೇ ಇದೆ. ಹುಲಿಯನ್ನು ಲಂಡನ್ನಿನಿಂದ ತರಿಸಬೇಕೆಂಬ ಕೂಗು ಆಗಾಗ್ಗೆ ಏಳುತ್ತದೆ. ಅದು ಸರ್ಕಾರಗಳ ವಿಷಯ. ಗೋಳಿನ ಕೊಳವೆಯೊಂದನ್ನು, ಅದನ್ನು ಆಳುವ ಕೈಯೊಂದಿಗೆ, ಪ್ರಕಟವಾಗಿರುವ ವರ್ಣನೆಗಳ ಮೇರೆಗೆ ಇಲ್ಲಿಯ ಹಿತ್ತಾಳೆಯಿಂದ, ಇಲ್ಲಿಯ ಎರಕದವರಿಂದ ಮಾಡಿಸುವುದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ. ಆ ಕೆಲಸದಲ್ಲಿ ಕುಶಲಿಗಳು ಎಲ್ಲಿ ತಡವರಿಸುತ್ತಾರೆ, ಎಲ್ಲಿ ತಡವರಿಸದೆ ಮುಂದುವರಿಯುತ್ತಾರೆ ಎಂಬುದನ್ನು ಬರೆದಿಟ್ಟರೆ ಕರ್ತೃತ್ವದ ಪ್ರಶ್ನೆಗೆ ಈವರೆಗಿನ ವಾದಗಳಿಗಿಂತ ಹೆಚ್ಚಿನ ಬೆಳಕು ಬೀಳಬಹುದು. ಪರೀಕ್ಷೆಯನ್ನು ನಡೆಸುವುದಾದರೆ ಶ್ರೀರಂಗಪಟ್ಟಣದಲ್ಲಿಯೇ, ಏಪ್ರಿಲಿನ ಮಧ್ಯಾಹ್ನ ಒಮ್ಮೆ, ಡಿಸೆಂಬರಿನ ಬೆಳಗಿನಲ್ಲಿ ಒಮ್ಮೆ ನಡೆಸತಕ್ಕದ್ದು. ರಂಗನಾಥಸ್ವಾಮಿ ದೇವಾಲಯದ ಸಮೀಪದಲ್ಲಿ ಲಾಲ್‌ಮಹಲಿನ ಅವಶೇಷಗಳಿವೆ. ಗೋಡೆ ಮಾಡುಗಳು ಇಲ್ಲವಾದ್ದರಿಂದ ಕೊಠಡಿಯ ಅನುರಣನ ದೊರೆಯದು, ಹವೆಯಾದರೂ ದೊರೆಯುತ್ತದೆ.